ಕರೆ ರೆಕಾರ್ಡಿಂಗ್: ಯಾವ ಫೋನಿನಲ್ಲಿ ಮಾತು ದಾಖಲೆಯಾಗಿ ಉಳಿಯುತ್ತದೆ?

ಮನೆ ಕಟ್ಟಿಸುವವರು, ಹಿರಿಯರ ಆಸ್ಪತ್ರೆ ಮತ್ತು ವಿಮೆಯ ವ್ಯವಹಾರ ನೋಡಿಕೊಳ್ಳುವವರು, ಸಣ್ಣ ವ್ಯಾಪಾರ ನಡೆಸುವವರು ತಮ್ಮ ಮುಖ್ಯವಾದ ಮಾತುಕತೆಗಳಲ್ಲಿ ಹೆಚ್ಚಿನದನ್ನು ಈಗ ಫೋನಿನಲ್ಲೇ ಮುಗಿಸುತ್ತಾರೆ. ದರ ನಿಗದಿಯಾಗುವುದು, ಕೆಲಸದ ಗಡುವು ಒಪ್ಪಿಕೊಳ್ಳುವುದು, ವೈದ್ಯರು ಮಾತ್ರೆಯ ಪ್ರಮಾಣ ಬದಲಿಸುವುದು, ಕ್ಲೇಮಿಗೆ ಯಾವ ಕಾಗದ ಕಳುಹಿಸಬೇಕೆಂದು ವಿಮಾ ಕಚೇರಿಯವರು ತಿಳಿಸುವುದು, ಎಲ್ಲವೂ ಬಾಯಿಮಾತಿನಲ್ಲೇ ಆಗುತ್ತದೆ. ಬ್ಯಾಂಕಿಗೋ ಗ್ರಾಹಕ ಸೇವಾ ಕೇಂದ್ರಕ್ಕೋ ಕರೆ ಮಾಡಿದಾಗ ‘ಗುಣಮಟ್ಟ ಮತ್ತು ತರಬೇತಿಯ ಉದ್ದೇಶಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗಬಹುದು’ ಎಂಬ ಪ್ರಕಟಣೆ ಮೊದಲು ಕೇಳಿಸುತ್ತದೆ. ಅಂದರೆ ಆ ಮಾತಿನ ದಾಖಲೆ ಅವರ ಬಳಿ ಉಳಿಯುತ್ತದೆ, ನಮ್ಮ ಬಳಿ ಉಳಿಯುವುದು ಒಂದು ದೂರು ಸಂಖ್ಯೆ ಮಾತ್ರ. ಈ ಅಂತರವನ್ನು ತುಂಬಿಕೊಳ್ಳುವ ಹಕ್ಕು ಗ್ರಾಹಕನಿಗೂ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಮನೆ ಕೆಲಸ ಮತ್ತು ತಂದೆಯವರ ಚಿಕಿತ್ಸೆ ಒಟ್ಟಿಗೇ ನಡೆಯುತ್ತಿದ್ದ ಅವಧಿಯಲ್ಲಿ ನಮ್ಮ ಮನೆಯಲ್ಲಿದ್ದ ಮೂರು ಬಗೆಯ ಫೋನ್‌ಗಳ ಕರೆ ರೆಕಾರ್ಡಿಂಗ್ ಸೌಲಭ್ಯವನ್ನು ನಿತ್ಯದ ಬಳಕೆಯಲ್ಲಿ ಪರೀಕ್ಷಿಸಿ ನೋಡಿದೆ: ಸ್ಯಾಮ್‌ಸಂಗ್‌ನ ಸ್ವಂತ ಫೋನ್ ಆ್ಯಪ್, ಗೂಗಲ್‌ನ ಫೋನ್ ಆ್ಯಪ್ ಇರುವ ಇನ್ನೊಂದು ಆಂಡ್ರಾಯ್ಡ್ ಫೋನ್, ಮತ್ತು ಐಫೋನ್.

ಅಳೆಯಲು ಬಳಸಿದ ಕೋಲು ಒಂದೇ. ಧ್ವನಿ ಎಷ್ಟು ಸ್ಪಷ್ಟವಾಗಿದೆ ಎಂಬುದು ಎರಡನೆಯ ಪ್ರಶ್ನೆ. ಮೂರರಲ್ಲೂ ಎರಡೂ ಕಡೆಯ ಮಾತು ಸ್ಪಷ್ಟವಾಗಿಯೇ ದಾಖಲಾಗುತ್ತದೆ. ಆರು ತಿಂಗಳ ನಂತರ ಒಂದು ನಿರ್ದಿಷ್ಟ ಮಾತು ಬೇಕಾದಾಗ ಅದು ತಡವಿಲ್ಲದೆ ಕೈಗೆ ಸಿಗುತ್ತದೆಯೇ, ಫೋನ್ ಬದಲಿಸಿದರೂ ಉಳಿಯುತ್ತದೆಯೇ, ಅಗತ್ಯ ಬಿದ್ದರೆ ಇನ್ನೊಬ್ಬರ ಮುಂದೆ ಇಡುವಂತಿದೆಯೇ ಎಂಬುದೇ ಮೊದಲ ಪ್ರಶ್ನೆ. ಹುಡುಕಿದಾಗ ಸಿಗದ ರೆಕಾರ್ಡಿಂಗ್‌ಗೂ ಮಾಡದೇ ಇದ್ದ ರೆಕಾರ್ಡಿಂಗ್‌ಗೂ ವ್ಯತ್ಯಾಸವಿಲ್ಲ.

ಈ ಅಳತೆಯಲ್ಲಿ ಸ್ಯಾಮ್‌ಸಂಗ್ ಉಳಿದೆರಡಕ್ಕಿಂತ ಬಹಳ ಮುಂದಿದೆ. ಭಾರತದಲ್ಲಿ ಮಾರಾಟವಾಗುವ ಅದರ ಫೋನ್‌ಗಳಲ್ಲಿ ಫೋನ್ ಆ್ಯಪ್ ತೆರೆದು, ಮೇಲಿನ ಮೂರು ಚುಕ್ಕೆಯನ್ನು ಒತ್ತಿ, ಸೆಟ್ಟಿಂಗ್ಸ್‌ಗೆ ಹೋದರೆ ಕರೆ ರೆಕಾರ್ಡ್ ಮಾಡುವ ಆಯ್ಕೆ ಕಾಣಿಸುತ್ತದೆ. ಅಲ್ಲಿ ತಾನಾಗಿ ರೆಕಾರ್ಡ್ ಆಗುವಂತೆ ಮಾಡಿಕೊಳ್ಳಬಹುದು, ಮತ್ತು ಅದರೊಳಗೆ ಎಲ್ಲ ಕರೆಗಳು, ಹೆಸರು ಸೇವ್ ಮಾಡದ ನಂಬರ್‌ಗಳು, ನಾವೇ ಆರಿಸಿದ ಕೆಲವು ನಂಬರ್‌ಗಳು ಎಂಬ ಮೂರು ದಾರಿಗಳಿವೆ. ನನ್ನ ಸಲಹೆ ಮೂರನೆಯದಕ್ಕೆ. ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡಿದರೆ ಮನೆಯವರ, ಗೆಳೆಯರ ಖಾಸಗಿ ಮಾತುಗಳೂ ಅನಗತ್ಯವಾಗಿ ಕೂಡಿಕೊಳ್ಳುತ್ತವೆ; ಹಾಗೆ ಕೂಡಿಟ್ಟುಕೊಳ್ಳುವುದು ಅವರಿಗೆ ಮಾಡುವ ಅನ್ಯಾಯವೂ ಹೌದು, ಬೇಕಾದ ಒಂದನ್ನು ಹುಡುಕುವಾಗ ನಮಗೇ ತೊಡಕೂ ಹೌದು. ಮೇಸ್ತ್ರಿ, ಹಾರ್ಡ್‌ವೇರ್ ಅಂಗಡಿ, ಆಸ್ಪತ್ರೆಯ ವಿಮಾ ವಿಭಾಗ, ಇಂತಹ ನಂಬರ್‌ಗಳನ್ನು ಮಾತ್ರ ಆ ಪಟ್ಟಿಗೆ ಸೇರಿಸಿದರೆ ಸಾಕು.

ಸ್ಯಾಮ್‌ಸಂಗ್‌ನ ನಿಜವಾದ ಬಲ ಕಡತ ಉಳಿಯುವ ರೀತಿಯಲ್ಲಿದೆ. ರೆಕಾರ್ಡ್ ಆದ ಪ್ರತಿಯೊಂದು ಕರೆಯೂ ಫೋನಿನ ಆಂತರಿಕ ಸಂಗ್ರಹದ ರೆಕಾರ್ಡಿಂಗ್ಸ್ ಫೋಲ್ಡರಿನಲ್ಲಿರುವ ಕಾಲ್ ಎಂಬ ಉಪಫೋಲ್ಡರಿಗೆ ಸಾಮಾನ್ಯ ಆಡಿಯೊ ಕಡತವಾಗಿ ಬಂದು ಬೀಳುತ್ತದೆ. ಕಡತದ ಹೆಸರಿನಲ್ಲೇ ಮಾತಾಡಿದವರ ಹೆಸರು, ದಿನಾಂಕ, ವೇಳೆ ಸೇರಿರುತ್ತವೆ. ಫೈಲ್ ಮ್ಯಾನೇಜರ್‌ನಲ್ಲಿ ‘ಬೋರ್‌ವೆಲ್’ ಎಂದು ಹುಡುಕಿದರೆ, ಹಾಗೆ ಹೆಸರು ಸೇವ್ ಮಾಡಿಕೊಂಡಿರುವ ವ್ಯಕ್ತಿಯೊಂದಿಗಿನ ಎಲ್ಲ ಮಾತುಗಳೂ ಸಾಲಾಗಿ ಎದುರಿಗೆ ನಿಲ್ಲುತ್ತವೆ. ಆದ್ದರಿಂದ ನಂಬರ್ ಸೇವ್ ಮಾಡಿಕೊಳ್ಳುವಾಗಲೇ ಬರೀ ಹೆಸರಿನ ಬದಲು ಹೆಸರು ಮತ್ತು ಕೆಲಸ ಎರಡನ್ನೂ ಬರೆದಿಟ್ಟರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ವಾರಕ್ಕೊಮ್ಮೆ ಕೇಬಲ್ ಹಾಕಿ ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಇದರ ಉಪಯೋಗ ಸ್ಪಷ್ಟವಾಗಿ ಕಂಡದ್ದು ಬೋರ್‌ವೆಲ್ ಲೆಕ್ಕದಲ್ಲಿ. ಕೊಳವೆಬಾವಿಯ ದರ ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ ಎಂಬುದು ಕೊರೆಸಿದವರಿಗೆಲ್ಲ ಗೊತ್ತು: ಮೊದಲ 300 ಅಡಿಗೆ ಒಂದು ದರ, ಅಲ್ಲಿಂದ ಮುಂದೆ ನೂರು ನೂರು ಅಡಿಗೂ ಏರುವ ದರ, ಕೇಸಿಂಗ್ ಪೈಪಿಗೆ ಅಡಿಯ ಲೆಕ್ಕದಲ್ಲಿ ಬೇರೆ ಹಣ, ಫ್ಲಶಿಂಗ್‌ಗೆ ಬೇರೆ, ಕೊರೆಯುವವರ ಬಾಟಾ ಬೇರೆ. ನಮ್ಮ ಏಜೆಂಟರೊಂದಿಗೆ ಮಾತು ಶುರುವಾದಾಗಲೇ, “ಲೆಕ್ಕ ಮರೀಬಾರ್ದು ಅಂತ ರೆಕಾರ್ಡ್ ಮಾಡ್ಕೊಳ್ತಾ ಇದ್ದೀನಿ ಅಣ್ಣಾ, ಪರವಾಗಿಲ್ವಾ?” ಎಂದು ಕೇಳಿದೆ. “ಮಾಡ್ಕೊಳಿ ಸಾರ್, ಅದಕ್ಕೇನಂತೆ” ಎಂದರು. ಕೊರೆದು ಮುಗಿದ ಮೇಲೆ ಬಿಲ್ಲಿನಲ್ಲಿ ಕೇಸಿಂಗ್ ಪೈಪಿನ ದರ ಮಾತಿಗಿಂತ ಹೆಚ್ಚಾಗಿತ್ತು. ಆ ಕರೆಯ ಸಂಬಂಧಪಟ್ಟ ಭಾಗವನ್ನು ಅವರ ಮುಂದೆಯೇ ಕೇಳಿಸಿದಾಗ, ತಮ್ಮ ಹುಡುಗ ಬಿಲ್ ಬರೆಯುವಾಗ ಬೇರೆ ಸೈಜಿನ ಪೈಪಿನ ದರ ಹಾಕಿದ್ದಾನೆ ಎಂದು ಅವರೇ ಪೆನ್ ತೆಗೆದುಕೊಂಡು ತಿದ್ದಿಕೊಟ್ಟರು. ಜಗಳಕ್ಕೆ ಅವಕಾಶವೇ ಬರಲಿಲ್ಲ. ಮೊದಲೇ ತಿಳಿಸಿ ಮಾಡಿದ ರೆಕಾರ್ಡಿಂಗ್ ಇಬ್ಬರಿಗೂ ಸೇರಿದ ದಾಖಲೆಯಾಗುತ್ತದೆ. ಗುಟ್ಟಾಗಿ ಮಾಡಿದ್ದರೆ ಅದೇ ಕಡತವನ್ನು ಅವರ ಮುಂದೆ ತೆರೆಯಲು ನನಗೇ ಸಂಕೋಚವಾಗುತ್ತಿತ್ತು.

ನಾನು ಬಳಸಿದ ಸ್ಯಾಮ್‌ಸಂಗ್ ಫೋನ್ ಎದುರಿನವರಿಗೆ ಯಾವ ಪ್ರಕಟಣೆಯನ್ನೂ ಕೇಳಿಸುವುದಿಲ್ಲ. ಅನೇಕರು ಇದನ್ನೇ ಅದರ ಗುಣವೆಂದು ಹೊಗಳುತ್ತಾರೆ. ನಾನು ಹಾಗೆ ಹೇಳಲಾರೆ. ಪ್ರಕಟಣೆ ಇಲ್ಲದಿರುವುದರಿಂದ ತಿಳಿಸುವ ಹೊಣೆ ಪೂರ್ತಿಯಾಗಿ ನಮ್ಮ ಮೇಲೆ ಬೀಳುತ್ತದೆ. ಆ ಹೊಣೆಯನ್ನು ಹೊರಲು ಮನಸ್ಸಿಲ್ಲದವರ ಕೈಯಲ್ಲಿ ಇದೇ ಸೌಲಭ್ಯ ಇನ್ನೊಬ್ಬರ ಮಾತನ್ನು ಕದಿಯುವ ಸಾಧನವಾಗುತ್ತದೆ.

ಗೂಗಲ್‌ನ ಫೋನ್ ಆ್ಯಪ್ ಈ ವಿಷಯದಲ್ಲಿ ತದ್ವಿರುದ್ಧ. ಕರೆಯನ್ನು ಎತ್ತಿಕೊಂಡ ಮೇಲೆ ರೆಕಾರ್ಡ್ ಗುಂಡಿಯನ್ನು ಒತ್ತಿದ ಕೂಡಲೇ ಕರೆ ರೆಕಾರ್ಡ್ ಆಗುತ್ತಿದೆ ಎಂಬ ಪ್ರಕಟಣೆ ಎರಡೂ ಕಡೆ ಕೇಳಿಸುತ್ತದೆ, ನಿಲ್ಲಿಸಿದಾಗಲೂ ಕೇಳಿಸುತ್ತದೆ. ತತ್ವದ ದೃಷ್ಟಿಯಿಂದ ಇದು ಸರಿಯಾದ ನಡೆ. ಆದರೆ ನಮ್ಮ ಫೋನಿನಲ್ಲಿ ಆ ಪ್ರಕಟಣೆ ಇಂಗ್ಲಿಷ್‌ನಲ್ಲಿ ಬರುತ್ತಿದ್ದುದರಿಂದ, ಯಾರಿಗೆ ತಿಳಿಯಬೇಕಿತ್ತೋ ಅವರಿಗೇ ಅದು ತಿಳಿಯುತ್ತಿರಲಿಲ್ಲ. ಊರಿನಲ್ಲಿರುವ ದೊಡ್ಡಮ್ಮ ಜಮೀನಿನ ಪಹಣಿಯ ವಿವರವನ್ನು ಓದಿ ಹೇಳುತ್ತಿದ್ದಾಗ ಗುಂಡಿ ಒತ್ತಿದೆ, ಅವರು ಓದುವುದನ್ನೇ ನಿಲ್ಲಿಸಿ, “ಯಾರೋ ಹುಡುಗಿ ಮಧ್ಯದಲ್ಲಿ ಇಂಗ್ಲಿಷ್ನಲ್ಲಿ ಮಾತಾಡಿದ್ಳಲ್ಲೋ, ಯಾರದು? ಲೈನ್ ಏನಾದ್ರೂ ಕೂಡ್ಕೊಂಡಿದ್ಯಾ?” ಎಂದು ಕೇಳಿದರು. ಸರ್ವೆ ನಂಬರ್ ತಪ್ಪಾಗಬಾರದೆಂದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ ಎಂದು ಕನ್ನಡದಲ್ಲಿ ವಿವರಿಸಿದ ಮೇಲೆಯೇ ಅವರು ಮುಂದುವರಿಸಿದ್ದು. ಕನ್ನಡದಲ್ಲಿ ಕೀಬೋರ್ಡು, ಅನುವಾದ, ದಾರಿ ತೋರಿಸುವ ಧ್ವನಿ ಎಲ್ಲವನ್ನೂ ಕೊಡಬಲ್ಲ ಸಂಸ್ಥೆ ಒಂದೇ ಒಂದು ವಾಕ್ಯದ ಪ್ರಕಟಣೆಯನ್ನು ಕೇಳುವವರ ಭಾಷೆಯಲ್ಲಿ ಕೊಡುವಂತಾಗಬೇಕು. ಒಪ್ಪಿಗೆ ಎಂಬುದು ಅರ್ಥವಾದ ಮೇಲೆ ಕೊಡುವಂಥದ್ದು.

ದಾಖಲೆಯ ಅಳತೆಯಲ್ಲಿ ಗೂಗಲ್ ಆ್ಯಪ್‌ನ ಕೊರತೆ ಇನ್ನೂ ದೊಡ್ಡದು. ರೆಕಾರ್ಡ್ ಆದ ಕರೆ ಫೋನಿನಲ್ಲೇ ಉಳಿಯುತ್ತದೆ, ಹೊರಗಿನ ಯಾವ ಸರ್ವರಿಗೂ ಹೋಗುವುದಿಲ್ಲ. ಖಾಸಗಿತನಕ್ಕೆ ಇದು ಒಳ್ಳೆಯದು. ಆದರೆ ಅದು ಆ್ಯಪ್‌ನ ಒಳಗೇ ಅಡಗಿರುತ್ತದೆ, ಫೈಲ್ ಮ್ಯಾನೇಜರ್‌ನಲ್ಲಿ ಫೋಲ್ಡರಾಗಿ ಕಾಣುವುದಿಲ್ಲ. ಕರೆಗಳ ಪಟ್ಟಿಯಲ್ಲಿ ಆ ವ್ಯಕ್ತಿಯ ಹೆಸರನ್ನು ಹುಡುಕಿ, ಆ ದಿನದ ಕರೆಯನ್ನು ತೆರೆದು, ಒಂದೊಂದನ್ನೇ ಹಂಚಿಕೊಳ್ಳುವ ಗುಂಡಿಯಿಂದ ಹೊರತೆಗೆಯಬೇಕು. ಹತ್ತಾರು ಕರೆಗಳನ್ನು ಒಟ್ಟಿಗೆ ಕಂಪ್ಯೂಟರಿಗೆ ಸಾಗಿಸಬೇಕಾದವರಿಗೆ ಇದು ತಾಳ್ಮೆಯ ಪರೀಕ್ಷೆ. ಇದರ ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ 7, 14 ಅಥವಾ 30 ದಿನಗಳ ನಂತರ ರೆಕಾರ್ಡಿಂಗ್ ತಾನಾಗಿ ಅಳಿದುಹೋಗುವಂತೆ ಮಾಡುವ ಆಯ್ಕೆಯೂ ಇದೆ. ಸ್ವಂತ ದಾಖಲೆಗಾಗಿ ಬಳಸುವವರು ಮೊದಲು ಅಲ್ಲಿಗೆ ಹೋಗಿ, ಎಂದಿಗೂ ಅಳಿಸಬೇಡ ಎಂಬುದು ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳುವುದು ಕಡ್ಡಾಯ. ಸೇವ್ ಮಾಡದ ನಂಬರ್‌ಗಳ ಕರೆಗಳನ್ನೂ ಆಯ್ದ ನಂಬರ್‌ಗಳ ಕರೆಗಳನ್ನೂ ತಾನಾಗಿ ರೆಕಾರ್ಡ್ ಮಾಡುವ ಸೌಕರ್ಯ ಇಲ್ಲೂ ಇದೆ.

ಐಫೋನ್ ಬಹಳ ತಡವಾಗಿ ಈ ದಾರಿಗೆ ಬಂದಿತು. 2024ರ ಅಕ್ಟೋಬರ್ 28ರಂದು ಬಿಡುಗಡೆಯಾದ ಐಓಎಸ್ 18.1ರಿಂದ ಮಾತ್ರ ಆಪಲ್ ಕರೆ ರೆಕಾರ್ಡಿಂಗ್‌ಗೆ ಅವಕಾಶ ಕೊಟ್ಟಿದೆ. ಇಲ್ಲೂ ಪ್ರಕಟಣೆ ಇಬ್ಬರಿಗೂ ಕೇಳಿಸುತ್ತದೆ, ಅದನ್ನು ತಪ್ಪಿಸಲಾಗುವುದಿಲ್ಲ. ರೆಕಾರ್ಡಿಂಗ್ ನೋಟ್ಸ್ ಆ್ಯಪ್‌ನಲ್ಲಿ ಅದಕ್ಕೆಂದೇ ಇರುವ ಫೋಲ್ಡರಿಗೆ ಹೋಗಿ ಸೇರುತ್ತದೆ. ಈ ಜೋಡಣೆ ನನಗೆ ನಿಜಕ್ಕೂ ಇಷ್ಟವಾಯಿತು, ಏಕೆಂದರೆ ಅದೇ ಟಿಪ್ಪಣಿಯಲ್ಲಿ ಧ್ವನಿಯ ಕೆಳಗೆ ‘ರಾತ್ರಿಯ ಬಿಪಿ ಮಾತ್ರೆ ಅರ್ಧಕ್ಕೆ ಇಳಿಸಲು ಹೇಳಿದರು, ಹದಿನೈದು ದಿನ ಬಿಟ್ಟು ಮತ್ತೆ ತೋರಿಸಬೇಕು’ ಎಂದು ಕನ್ನಡದಲ್ಲೇ ಟೈಪ್ ಮಾಡಿಡಬಹುದು. ಮುಂದೆ ‘ಮಾತ್ರೆ’ ಎಂದು ಹುಡುಕಿದರೂ ಆ ಕರೆ ಸಿಗುತ್ತದೆ. ಮಾತನ್ನು ತಾನಾಗಿ ಬರಹಕ್ಕೆ ಇಳಿಸುವ ಸೌಲಭ್ಯವೂ ಇದೆಯಾದರೂ ಅದು ಬೆಂಬಲಿಸುವ ಭಾಷೆಗಳಲ್ಲಿ ಕನ್ನಡವಿಲ್ಲ. ತಾನಾಗಿ ರೆಕಾರ್ಡ್ ಆಗುವ ವ್ಯವಸ್ಥೆಯೂ ಇಲ್ಲ. ಪ್ರತಿ ಸಲವೂ ನೆನಪಿಟ್ಟುಕೊಂಡು ಗುಂಡಿ ಒತ್ತಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಒಂದು ಕೈಯಲ್ಲಿ ಫೈಲು ಹಿಡಿದು ಮಾತಾಡುವಾಗ ಆ ನೆನಪು ಉಳಿಯುವುದು ಕಷ್ಟ.

ಇನ್ನು ಹೊರಗಿನ ಆ್ಯಪ್‌ಗಳ ವಿಷಯ. ಇಲ್ಲಿ ನನ್ನ ಮಾತು ನೇರವಾಗಿದೆ: ಅವುಗಳ ಗೊಡವೆಗೆ ಹೋಗಬೇಡಿ. 2018ರಲ್ಲಿ ಆಂಡ್ರಾಯ್ಡ್ 9 ಬಂದಾಗಲೇ ಕರೆಯ ಧ್ವನಿ ಹೊರಗಿನ ಆ್ಯಪ್‌ಗಳಿಗೆ ಸಿಗುವ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಅಂಗವಿಕಲರ ಅನುಕೂಲಕ್ಕಾಗಿ ಇರುವ ಆಕ್ಸೆಸಿಬಿಲಿಟಿ ಅನುಮತಿಯನ್ನು ಬಳಸಿಕೊಂಡು ಕೆಲವು ಆ್ಯಪ್‌ಗಳು ಆಮೇಲೂ ರೆಕಾರ್ಡ್ ಮಾಡುತ್ತಿದ್ದವು. 2022ರ ಮೇ 11ರಿಂದ ಗೂಗಲ್ ಪ್ಲೇ ಸ್ಟೋರ್ ಅದನ್ನೂ ನಿಷೇಧಿಸಿತು. ಟ್ರೂಕಾಲರ್ ಆಗ ತನ್ನ ರೆಕಾರ್ಡಿಂಗ್ ಸೌಲಭ್ಯವನ್ನು ತೆಗೆದುಹಾಕಿ, 2024ರ ಫೆಬ್ರವರಿಯಲ್ಲಿ ಭಾರತದ ಹಣ ಕೊಡುವ ಚಂದಾದಾರರಿಗೆ ಮತ್ತೆ ತಂದಿತು. ಐಫೋನ್‌ಗಳಲ್ಲಿ ಅದನ್ನು 2025ರ ಸೆಪ್ಟೆಂಬರ್ 30ರಿಂದ ನಿಲ್ಲಿಸಿತು. ಹೀಗೆ ಬಂದು ಹೋಗುವ ಸೌಲಭ್ಯದ ಮೇಲೆ ವರ್ಷಗಟ್ಟಲೆ ಉಳಿಯಬೇಕಾದ ದಾಖಲೆಯನ್ನು ನಿಲ್ಲಿಸುವುದು ಜಾಣತನವಲ್ಲ.

ಅದಕ್ಕಿಂತ ಗಂಭೀರವಾದ ಕಾರಣ ಸುರಕ್ಷತೆಯದು. ಪ್ಲೇ ಸ್ಟೋರಿನ ಹೊರಗಿನಿಂದ ಎಪಿಕೆ ಕಡತವನ್ನು (ಆಂಡ್ರಾಯ್ಡ್ ಆ್ಯಪ್ ಹಾಕಿಕೊಳ್ಳುವ ಕಡತ) ಇಳಿಸಿಕೊಂಡು ಹಾಕಿ, ಅದಕ್ಕೆ ಆಕ್ಸೆಸಿಬಿಲಿಟಿ ಅನುಮತಿ ಕೊಟ್ಟರೆ, ಪರದೆಯ ಮೇಲೆ ಮೂಡುವುದನ್ನೆಲ್ಲ ಓದುವ, ನಮ್ಮ ಪರವಾಗಿ ಗುಂಡಿಗಳನ್ನು ಒತ್ತುವ ಶಕ್ತಿ ಆ ಆ್ಯಪ್‌ಗೆ ಸಿಗುತ್ತದೆ. ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ವಂಚಕ ಎಪಿಕೆಗಳು ಬೇಡುವುದೂ ಇಂತಹ ಅನುಮತಿಗಳನ್ನೇ. ಬ್ಯಾಂಕಿನ ಆ್ಯಪ್ ಇರುವ ಫೋನಿನಲ್ಲಿ ಒಂದು ರೆಕಾರ್ಡಿಂಗ್‌ಗಾಗಿ ಆ ಬಾಗಿಲನ್ನು ತೆರೆಯಬಾರದು. ಈಗಾಗಲೇ ಹಾಕಿಕೊಂಡು ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ವಾಟ್ಸ್ಆ್ಯಪ್ ಕರೆಗಳು ಮೇಲೆ ಹೇಳಿದ ಮೂರರ ಯಾವುದರಲ್ಲೂ ದಾಖಲಾಗುವುದಿಲ್ಲ, ಏಕೆಂದರೆ ಅವು ಫೋನ್ ಆ್ಯಪ್ ಮೂಲಕ ಹೋಗುವುದಿಲ್ಲ. ವ್ಯವಹಾರದ ಮಾತಿಗೆ ಸಾಮಾನ್ಯ ಕರೆಯನ್ನೇ ಬಳಸುವುದು ಇದಕ್ಕೆ ಪರಿಹಾರ.

ಕಾನೂನಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಕರೆಯಲ್ಲಿ ಮಾತಾಡುತ್ತಿರುವವರೇ ತಮ್ಮ ಕರೆಯನ್ನು ಸ್ವಂತ ದಾಖಲೆಗಾಗಿ ರೆಕಾರ್ಡ್ ಮಾಡಿಕೊಳ್ಳುವುದನ್ನು ನೇರವಾಗಿ ನಿಷೇಧಿಸುವ ಸಾಮಾನ್ಯ ಕಾಯ್ದೆ ಭಾರತದಲ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಅಷ್ಟಕ್ಕೇ ಸಮಾಧಾನಪಡುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ ನಂತರ, ಗುಟ್ಟಾಗಿ ಮಾಡಿದ ರೆಕಾರ್ಡಿಂಗ್‌ಗಳನ್ನು ನ್ಯಾಯಾಲಯಗಳು ಬೇರೆ ಬೇರೆ ದೃಷ್ಟಿಯಿಂದ ನೋಡಿವೆ. ಪತ್ನಿಯ ಫೋನ್ ಮಾತನ್ನು ಆಕೆಗೆ ತಿಳಿಯದಂತೆ ರೆಕಾರ್ಡ್ ಮಾಡುವುದು ಆ ಹಕ್ಕಿನ ಉಲ್ಲಂಘನೆ ಎಂದು ಛತ್ತೀಸ್‌ಗಢ ಹೈಕೋರ್ಟ್ 2023ರಲ್ಲಿ ಹೇಳಿತು; 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೊಂದು ವಿಚ್ಛೇದನ ಪ್ರಕರಣದಲ್ಲಿ ದಂಪತಿಯ ನಡುವಿನ ಅಂತಹ ರೆಕಾರ್ಡಿಂಗ್ ಅನ್ನು ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು, ಅಲ್ಲಿ ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡುವುದು ಅಪರಾಧ. ಊರಿನ ಸೈಟಿನ ವ್ಯವಹಾರವನ್ನು ಅಲ್ಲಿಂದಲೇ ಫೋನಿನಲ್ಲಿ ನೋಡಿಕೊಳ್ಳುವವರು ಮೊದಲು ಕೇಳಿ ಒಪ್ಪಿಗೆ ಪಡೆಯುವುದೇ ಸರಿ.

ದಾಖಲೆ ಮುಂದೊಂದು ದಿನ ಗ್ರಾಹಕ ಆಯೋಗದ ಅಥವಾ ನ್ಯಾಯಾಲಯದ ಮುಂದೆ ಹೋಗಬಹುದು ಎನ್ನುವವರು ಮೂಲ ಕಡತವನ್ನು ಮುಟ್ಟಬಾರದು. ಮಾತು ವಿಷಯಕ್ಕೆ ಸಂಬಂಧಿಸಿರಬೇಕು, ಧ್ವನಿ ಯಾರದೆಂದು ಗುರುತಿಸುವಂತಿರಬೇಕು, ಅಳಿಸಿ ತಿದ್ದಿಲ್ಲವೆಂಬುದು ಖಚಿತವಾಗಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1972ರ ಆರ್. ಎಂ. ಮಲ್ಕಾನಿ ಪ್ರಕರಣದಷ್ಟು ಹಿಂದೆಯೇ, ಟೇಪ್ ರೆಕಾರ್ಡರಿನ ಕಾಲದಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತದ ಒಳಗಿನದರಿಂದಲೇ ಲೆಕ್ಕ ಹಾಕಿ ತೆಗೆಯುವ ಅಂಕಿ-ಅಕ್ಷರಗಳ ಗುರುತು) ನಮೂದಿಸಬೇಕು. ಕಡತದಲ್ಲಿ ಒಂದು ಸೆಕೆಂಡನ್ನು ಕತ್ತರಿಸಿದರೂ ಆ ಮೌಲ್ಯ ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಆಡಿಯೊ ಆಗಿ ಕಳುಹಿಸಿದರೆ ಪಡೆದವರ ಫೋನಿನಲ್ಲಿ ಕಡತಕ್ಕೆ ‘ಎಯುಡಿ’ ಎಂದು ಶುರುವಾಗುವ ಬೇರೆಯೇ ಹೆಸರು ಬರುತ್ತದೆ, ಯಾರೊಂದಿಗೆ ಯಾವಾಗ ಮಾತಾಡಿದ್ದು ಎಂಬ ಗುರುತು ಅಲ್ಲಿಗೆ ಹೋಯಿತು. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಮೂಲವನ್ನು ಫೋನಿನಲ್ಲೂ ಒಂದು ನಕಲನ್ನು ಪೆನ್ ಡ್ರೈವ್‌ನಲ್ಲೂ ಇಟ್ಟುಕೊಳ್ಳಿ. ಜಾಗದ ಚಿಂತೆ ಬೇಕಿಲ್ಲ: ಸೆಕೆಂಡಿಗೆ 128 ಕಿಲೋಬಿಟ್‌ನ ರೆಕಾರ್ಡಿಂಗ್ ಆದರೂ ನಿಮಿಷಕ್ಕೆ ಸುಮಾರು ಒಂದು ಎಂಬಿ, ಗಂಟೆಗೆ 60 ಎಂಬಿಯೊಳಗೇ ಮುಗಿಯುತ್ತದೆ.

ಕರೆ ಮುಗಿದ ಕೂಡಲೇ ಎದುರಿನವರಿಗೆ ಎರಡು ಸಾಲಿನ ಸಂದೇಶ ಕಳುಹಿಸುವ ರೂಢಿಯನ್ನೂ ಇದರ ಜೊತೆ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ‘ಈಗ ಮಾತಾಡಿದಂತೆ ಟಿಎಂಟಿ ಕಂಬಿ ಶನಿವಾರ ಬರುತ್ತದೆ, ಇಳಿಸುವ ಕೂಲಿ ನಿಮ್ಮದೇ’ ಎಂದು ಬರೆದು ಕಳುಹಿಸಿದಾಗ, ‘ಸರಿ’ ಎಂಬ ಒಂದು ಉತ್ತರ ಬಂದರೂ ಸಾಕು, ಹೆಚ್ಚಿನ ಸಂದರ್ಭಗಳಲ್ಲಿ ರೆಕಾರ್ಡಿಂಗ್ ತೆರೆಯುವ ಅಗತ್ಯವೇ ಬೀಳುವುದಿಲ್ಲ. ಕೆಲಸ ಮುಗಿದು ಹಣ ಪಾವತಿಯಾದ ಮೇಲೆ, ಗ್ಯಾರಂಟಿ ಅವಧಿ ಇದ್ದರೆ ಅದೂ ಕಳೆದ ಮೇಲೆ, ಸಂಬಂಧಪಟ್ಟ ಕರೆಗಳನ್ನು ಅಳಿಸಿಬಿಡುವುದು ಎದುರಿನವರಿಗೆ ತೋರಬೇಕಾದ ಮರ್ಯಾದೆ. ವೈದ್ಯರ ಕರೆಗಳನ್ನು ಮಾತ್ರ ನಾನು ಉಳಿಸಿಕೊಂಡಿದ್ದೇನೆ. ಯಾವ ಔಷಧ ಯಾವಾಗ ಬದಲಾಯಿತು ಎಂಬುದು ಮುಂದಿನ ವೈದ್ಯರಿಗೆ ಬೇಕಾಗುತ್ತದೆ.

ಆಯ್ಕೆಯ ವಿಷಯಕ್ಕೆ ಬಂದರೆ, ದಾಖಲೆಗಾಗಿಯೇ ರೆಕಾರ್ಡ್ ಮಾಡುವವರಿಗೆ ಸ್ಯಾಮ್‌ಸಂಗ್‌ನದು ಅತ್ಯುತ್ತಮ, ಬಾಯಿಬಿಟ್ಟು ತಿಳಿಸುವ ಕೆಲಸವನ್ನು ತಾವೇ ಮಾಡುತ್ತೇವೆಂಬ ನಿಷ್ಠೆ ಇದ್ದರೆ. ತಿಂಗಳಿಗೆ ನಾಲ್ಕಾರು ಮುಖ್ಯ ಕರೆಗಳಷ್ಟೇ ಇರುವವರಿಗೆ, ಅದರಲ್ಲೂ ಟಿಪ್ಪಣಿ ಬರೆದುಕೊಳ್ಳುವ ಅಭ್ಯಾಸ ಇರುವವರಿಗೆ ಐಫೋನ್ ಸಾಕು. ಗೂಗಲ್ ಆ್ಯಪ್ ಬಳಸುವವರು ಫೋನ್ ಬದಲಿಸುವ ಅಥವಾ ರಿಪೇರಿಗೆ ಕೊಡುವ ಮೊದಲು ಬೇಕಾದ ಕರೆಗಳನ್ನೆಲ್ಲ ಒಂದೊಂದಾಗಿ ಹೊರತೆಗೆದಿಟ್ಟುಕೊಳ್ಳಲೇಬೇಕು. ಒಂದೇ ಕಂಪನಿಯ ಫೋನ್‌ಗಳಲ್ಲೂ ಕೆಲವು ಮಾದರಿಗಳಿಗೆ ಕಂಪನಿಯ ಸ್ವಂತ ಫೋನ್ ಆ್ಯಪ್, ಕೆಲವಕ್ಕೆ ಗೂಗಲ್‌ನ ಆ್ಯಪ್ ಬರುವುದರಿಂದ, ಹೊಸ ಫೋನ್ ಕೊಳ್ಳುವವರು ಡಬ್ಬಿಯ ಮೇಲಿನ ವಿವರವನ್ನು ನಂಬದೆ ಅಂಗಡಿಯಲ್ಲೇ ಒಂದು ಸಿಮ್ ಹಾಕಿಸಿ, ಜೊತೆಗೆ ಬಂದವರಿಗೆ ಒಂದು ಕರೆ ಮಾಡಿ, ರೆಕಾರ್ಡ್ ಗುಂಡಿ ಒತ್ತಿ, ಆ ಕಡತ ಫೈಲ್ ಮ್ಯಾನೇಜರ್‌ನಲ್ಲಿ ಯಾವ ಹೆಸರಿನಿಂದ ಎಲ್ಲಿ ಹೋಗಿ ಕೂತಿದೆ ಎಂಬುದನ್ನು ನೋಡಿಯೇ ಹಣ ಕೊಡಲಿ.